ಕ್ರೋಮಾರ್ಟಿ ಅರ್ಲ್ ಪದವಿಯ ಚರಿತ್ರೆಯನ್ನು ನಾನು ಕಟ್ಟಿಕೊಂಡ ಬಗೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನೋಡಿದವರಿಗೆ 1780ರ ಸೆಪ್ಟೆಂಬರ್ 10ರಂದು ಕರ್ನಲ್ ಬೈಲಿಯ ಪಡೆ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಕೈಯಲ್ಲಿ ನಾಶವಾದ ಕಥೆ ತಿಳಿದೇ ಇರುತ್ತದೆ. ಆ ಪಡೆಯ ನೆರವಿಗೆಂದು ಕಳುಹಿಸಿದ್ದವರಲ್ಲಿ ಸ್ಕಾಟ್ಲೆಂಡಿನ 73ನೆಯ ಹೈಲ್ಯಾಂಡ್ ರೆಜಿಮೆಂಟಿನ ಎರಡು ಕಂಪನಿಗಳಿದ್ದವು. ಮುಂದೆ 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮೇಲಿನ ಅಂತಿಮ ದಾಳಿಯ ಮುಂದಾಳಾದ ಡೇವಿಡ್ ಬೇರ್ಡ್ ಆಗ ಅದೇ ರೆಜಿಮೆಂಟಿನ ಕ್ಯಾಪ್ಟನ್ ಆಗಿದ್ದು, ಗಾಯಗೊಂಡು ಸೆರೆಸಿಕ್ಕಿ 1784ರವರೆಗೆ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿದ್ದ. ಆ ರೆಜಿಮೆಂಟನ್ನು ಕಟ್ಟಿದವನನ್ನು ಸಮಕಾಲೀನರೆಲ್ಲ ಲಾರ್ಡ್ ಮೆಕ್ಲೌಡ್ ಎಂದೇ ಕರೆದಿದ್ದಾರೆ. ಆದರೆ ಕಾನೂನಿನ ಪ್ರಕಾರ ಆಗ ಅವನು ಯಾವ ಲಾರ್ಡೂ ಆಗಿರಲಿಲ್ಲ. ಆ ಹೆಸರಿಗೆ ಆಧಾರವಾಗಿದ್ದ, ಕ್ರೋಮಾರ್ಟಿಯ ಅರ್ಲ್ ಎಂಬ ವಂಶಪಾರಂಪರ್ಯ ಕುಲೀನ ಪದವಿ ಹೊಂದಿದ್ದ ಅವನ ತಂದೆಯ ಪದವಿಗಳೆಲ್ಲ 1746ರಲ್ಲೇ ಅಳಿದುಹೋಗಿದ್ದವು. ಮೈಸೂರು ಯುದ್ಧಗಳ ಚರಿತ್ರೆಯನ್ನು ಓದುತ್ತ ಬಂದ ನನ್ನನ್ನು ಕ್ರೋಮಾರ್ಟಿ ಅರ್ಲ್ ಪದವಿಯ ಚರಿತ್ರೆಯ ಕಡೆಗೆ ತಿರುಗಿಸಿದ್ದು ಈ ವಿಚಿತ್ರ ಸಂಗತಿಯೇ. ಇಲ್ಲದ ಪದವಿಯೊಂದು ಇಷ್ಟು ಸಲೀಸಾಗಿ ಬಳಕೆಯಲ್ಲಿ ಉಳಿದದ್ದು ಹೇಗೆ, ಅದು ಎಲ್ಲಿಂದ ಬಂತು, ಮುಂದೆ ಏನಾಯಿತು ಎಂಬುದನ್ನು ದಾಖಲೆಗಳಿಂದಲೇ ಕಂಡುಕೊಳ್ಳಬೇಕೆಂದು ನಾನು ನಿಶ್ಚಯಿಸಿದೆ.

ಕೆಲಸವನ್ನು ಆರಂಭಿಸಿದಾಗ ನಾನು ಮಾಡಿಕೊಂಡ ಒಂದು ಏರ್ಪಾಡು ಕೊನೆಯವರೆಗೂ ನನ್ನನ್ನು ಕಾಪಾಡಿತು. ವಂಶವೃಕ್ಷ ಬರೆಯುವ ಬದಲು ಅಗಲವಾದ ಹಾಳೆಯ ಮೇಲೆ ಮೂರು ಕಾಲಂ ಎಳೆದು, ಮೊದಲನೆಯದರಲ್ಲಿ ಕಾನೂನುಬದ್ಧ ಪದವಿಯನ್ನು, ಎರಡನೆಯದರಲ್ಲಿ ಭೂಮಿಯ ಒಡೆತನವನ್ನು, ಮೂರನೆಯದರಲ್ಲಿ ಮನೆತನದ ಹೆಸರನ್ನು ಮತ್ತು ಕುಲದ ಮುಖಂಡತ್ವವನ್ನು ಬರೆಯುತ್ತ ಹೋದೆ. ಇಂಥ ಮನೆತನಗಳ ಬಗ್ಗೆ ಬರೆಯುವವರು ಈ ಮೂರೂ ಒಂದೇ ಕೈಯಿಂದ ಮುಂದಿನ ಕೈಗೆ ಒಟ್ಟಿಗೇ ಸಾಗಿದವೆಂಬಂತೆ ಬರೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹಾಗೆ ಆದದ್ದಕ್ಕಿಂತ ಆಗದೆ ಇದ್ದದ್ದೇ ಹೆಚ್ಚು. ಪದವಿಯು ರಾಜನ ಪೇಟೆಂಟಿನಲ್ಲಿ, ಅಂದರೆ ಪದವಿ ನೀಡುವ ರಾಜಪತ್ರದಲ್ಲಿ, ಬರೆದ ವಾಕ್ಯಕ್ಕೆ ಕಟ್ಟುಬಿದ್ದಿರುತ್ತದೆ, ಭೂಮಿಯು ಹಕ್ಕುಪತ್ರಗಳಿಗೆ, ಸಾಲಕ್ಕೆ ಮತ್ತು ಮದುವೆಗಳಿಗೆ ಕಟ್ಟುಬಿದ್ದಿರುತ್ತದೆ, ಕುಲದ ಮುಖಂಡತ್ವವಾದರೋ ರಕ್ತಸಂಬಂಧದ ಜೊತೆಗೆ ಲಾರ್ಡ್ ಲಯನ್ ಎಂಬ ಅಧಿಕಾರಿಯ ಮನ್ನಣೆಯನ್ನು ಬೇಡುತ್ತದೆ. ಕ್ರೋಮಾರ್ಟಿಯ ಮಟ್ಟಿಗೆ ಈ ಮೂರು ಕಾಲಂಗಳು ಒಂದೇ ವ್ಯಕ್ತಿಯ ಎದುರು ಕೂಡಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಇನ್ನು ಆಕರಗಳ ವಿಚಾರ. ಮೈಸೂರಿನಲ್ಲಿ ಕುಳಿತು ಇಂಥ ಕೆಲಸ ಮಾಡುವುದು ಈಗ ಕಷ್ಟವಲ್ಲ. ವಿಲಿಯಂ ಫ್ರೇಸರ್ ಎಂಬ ವಿದ್ವಾಂಸ 1876ರಲ್ಲಿ ಈ ಮನೆತನದ ಚರಿತ್ರೆ ಮತ್ತು ಪತ್ರಗಳನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಅವು ಪೂರ್ತಿಯಾಗಿ ಅಂತರಜಾಲದಲ್ಲಿ ಸಿಗುತ್ತವೆ. ಜೇಮ್ಸ್ ಬಾಲ್ಫರ್ ಪಾಲ್ ಸಂಪಾದಿಸಿದ, 1904ರಿಂದ 1914ರವರೆಗೆ ಒಂಬತ್ತು ಸಂಪುಟಗಳಲ್ಲಿ ಹೊರಬಂದ ಸ್ಕಾಟಿಷ್ ಪದವಿಗಳ ಕೋಶವೂ ಹಾಗೆಯೇ ಲಭ್ಯ. ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಮನೆತನದ ಮೂಲ ಕಾಗದಪತ್ರಗಳು ಜಿಡಿ 305 ಎಂಬ ಗುರುತಿನಡಿ ಇದ್ದು, ಅವುಗಳ ಪಟ್ಟಿಯನ್ನು ಮನೆಯಿಂದಲೇ ಹುಡುಕಬಹುದು. ಫ್ರೇಸರ್ ಮನೆತನಗಳ ಕೋರಿಕೆಯಂತೆ ಅವುಗಳ ಚರಿತ್ರೆಯನ್ನು ಬರೆಯುತ್ತಿದ್ದವನು. ಆದ್ದರಿಂದ ಅವನು ಅಚ್ಚು ಹಾಕಿಸಿದ ಪತ್ರಗಳನ್ನು ನಾನು ಪೂರ್ಣ ಗೌರವದಿಂದ ಓದಿದೆ, ಅವನ ತೀರ್ಮಾನಗಳನ್ನು ಮಾತ್ರ ಬೇರೆ ಕಡೆ ತಾಳೆ ನೋಡಿದ ಮೇಲೆ ತೆಗೆದುಕೊಂಡೆ. ನಮ್ಮ ಕಡೆ ಪಾಳೆಯಗಾರರ ಕೈಫಿಯತ್ತುಗಳನ್ನು ಓದುವಾಗ ಇಟ್ಟುಕೊಳ್ಳುವ ಎಚ್ಚರವೇ ಅಲ್ಲಿಯೂ ಸಾಕಾಯಿತು.

ಮೊದಲನೆಯ ತೊಡಕು ಹೆಸರುಗಳದು. ಈ ಮನೆತನ ಮೆಕೆಂಜಿ ಕುಲದ ಒಂದು ಕಿರಿಯ ಶಾಖೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಕುಲದ ಮುಖಂಡನಾದ ಕಿಂಟೇಲ್ ಒಡೆಯನ ತಮ್ಮ ಸರ್ ರೋಡರಿಕ್ ಮೆಕೆಂಜಿ, ಲೂಯಿಸ್ ದ್ವೀಪದ ಮೆಕ್ಲೌಡ್ ವಂಶದ ವಾರಸುದಾರಳಾದ ಮಾರ್ಗರೆಟ್‌ಳನ್ನು ಮದುವೆಯಾಗಿ ಪಶ್ಚಿಮ ಕರಾವಳಿಯ ಕೋಯ್ಗಾಕ್ ಸೀಮೆಗೆ ಒಡೆಯನಾದ. ಸ್ಟ್ರಾತ್‌ಪೆಫರ್ ಬಳಿ ಇಂದಿಗೂ ಇರುವ ಕಾಸಲ್ ಲೌಡ್ ಅವನ ಕಾಲದ್ದು. ಮೆಕೆಂಜಿಗಳ ಪದವಿಗಳಲ್ಲಿ ಮೆಕ್ಲೌಡ್ ಎಂಬ ಹೆಸರು ಹೇಗೆ ಸೇರಿತು ಎಂಬುದಕ್ಕೆ ಈ ಮದುವೆಯೇ ಉತ್ತರ. ಅವರ ಮಗ ಟಾರ್ಬಟ್‌ನ ಸರ್ ಜಾನ್ 1628ರಲ್ಲಿ ನೋವಾ ಸ್ಕೋಶಿಯಾದ ಬ್ಯಾರೊನೆಟ್ ಆದ. ಅವನ ಮಗ ಜಾರ್ಜ್, 1630ರಲ್ಲಿ ಹುಟ್ಟಿದವನು, ಈ ಕಥೆಯ ಮೊದಲನೆಯ ಅರ್ಲ್. ಅದೇ ಕಾಲದಲ್ಲಿ, ಅದೇ ಎಡಿನ್‌ಬರೋದಲ್ಲಿ, ಅದೇ ಕುಲದ ಇನ್ನೊಬ್ಬ ಸರ್ ಜಾರ್ಜ್ ಮೆಕೆಂಜಿ ಇದ್ದ. ರೋಸ್‌ಹಾ ಎಂಬ ಊರಿನ ಆ ಜಾರ್ಜ್ ರಾಜ್ಯದ ಮುಖ್ಯ ವಕೀಲ, ಕವನೆಂಟರ್ ಪಂಥದವರ ಮೇಲೆ ಕಠಿಣವಾಗಿ ಮೊಕದ್ದಮೆ ನಡೆಸಿ ಅಪಕೀರ್ತಿ ಪಡೆದವನು, ಎಡಿನ್‌ಬರೋದ ವಕೀಲರ ಗ್ರಂಥಾಲಯದ ಸ್ಥಾಪಕ. ಇಬ್ಬರೂ ಕಾನೂನು ಬಲ್ಲವರು, ಇಬ್ಬರೂ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಇವರನ್ನು ಬೇರ್ಪಡಿಸಲು ಇರುವ ಒಂದೇ ದಾರಿ ಹೆಸರಿನ ಜೊತೆ ಬರುವ ಊರಿನ ಹೆಸರು. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರನ್ನು ಇನಿಷಿಯಲ್‌ನಲ್ಲಿರುವ ಊರಿನಿಂದ ಗುರುತಿಸುವಂತೆ ಅಲ್ಲಿ ಟಾರ್ಬಟ್‌ನ ಜಾರ್ಜ್, ರೋಸ್‌ಹಾದ ಜಾರ್ಜ್ ಎಂದು ಗುರುತಿಸಬೇಕು. ಊರಿನ ಹೆಸರನ್ನು ಬಿಟ್ಟು ಒಂದು ಚೀಟಿಯನ್ನೂ ಬರೆಯಬಾರದೆಂದು ನಾನು ಆಗಲೇ ನಿಯಮ ಮಾಡಿಕೊಂಡೆ.

ಎರಡನೆಯ ತೊಡಕು ತಾರೀಖಿನದು. ಟಾರ್ಬಟ್‌ನ ಜಾರ್ಜ್ 1685ರ ಏಪ್ರಿಲ್‌ನಲ್ಲಿ ಟಾರ್ಬಟ್‌ನ ವೈಕೌಂಟ್ ಮತ್ತು ಲಾರ್ಡ್ ಮೆಕ್ಲೌಡ್ ಅಂಡ್ ಕಾಸಲ್‌ಹೇವನ್ ಆದ. ಕ್ರೋಮಾರ್ಟಿಯ ಅರ್ಲ್ ಆದದ್ದು 1703ರ ಜನವರಿ 1ರಂದು. ಸ್ಕಾಟ್ಲೆಂಡ್ 1600ರಿಂದಲೇ ಜನವರಿ 1ನ್ನು ವರ್ಷದ ಮೊದಲ ದಿನವೆಂದು ಒಪ್ಪಿಕೊಂಡಿತ್ತು, ಇಂಗ್ಲೆಂಡ್ ಮಾತ್ರ 1752ರವರೆಗೆ ಮಾರ್ಚ್ 25ರಿಂದ ವರ್ಷವನ್ನು ಎಣಿಸುತ್ತಿತ್ತು. ಹೀಗಾಗಿ ಎಡಿನ್‌ಬರೋದ ಕಾಗದದಲ್ಲಿ 1703 ಎಂದಿರುವ ಅದೇ ದಿನ ಲಂಡನ್ನಿನಲ್ಲಿ ಕುಳಿತವನ ಲೇಖನಿಯಲ್ಲಿ 1702 ಆಗುತ್ತದೆ. ಪತ್ರವೊಂದರಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ತಾರೀಖು ಕಂಡಾಗಲೆಲ್ಲ ಅದನ್ನು ಎಲ್ಲಿ ಕುಳಿತು ಬರೆದದ್ದು ಎಂದು ಮೊದಲು ನೋಡಿ, ಆಮೇಲೆ ವರ್ಷವನ್ನು ಹಾಳೆಗೆ ಇಳಿಸುತ್ತಿದ್ದೆ.

ಎರಡನೆಯ ಕಾಲಂ, ಅಂದರೆ ಭೂಮಿಯ ಕಾಲಂ, ಮೊದಲನೆಯ ಅರ್ಲ್‌ನ ಕಾಲದಲ್ಲಿ ಅತ್ಯಂತ ಸ್ವಾರಸ್ಯದ್ದು. ಸ್ಕಾಟ್ಲೆಂಡಿನಲ್ಲಿ 1617ರಿಂದ ಭೂಸ್ವಾಧೀನದ ಸಾರ್ವಜನಿಕ ನೋಂದಣಿ ಪುಸ್ತಕಗಳಿದ್ದು, ಜಮೀನು ಕೈ ಬದಲಾಯಿಸಿದ್ದನ್ನು ಅವುಗಳಲ್ಲಿ ಹಿಂಬಾಲಿಸಬಹುದು. ಟಾರ್ಬಟ್‌ನ ಜಾರ್ಜ್ ಪೂರ್ವ ಕರಾವಳಿಯ ಹಳೆಯ, ಬಹಳ ಚಿಕ್ಕ ಕ್ರೋಮಾರ್ಟಿ ಕೌಂಟಿಯನ್ನು ತನ್ನ ಕೈಗೆ ತಂದುಕೊಂಡ. ಅಷ್ಟಕ್ಕೆ ಸುಮ್ಮನಾಗದೆ, ರಾಸ್ ಕೌಂಟಿಯಲ್ಲಿ ಅಲ್ಲಲ್ಲಿ ಚದುರಿದ್ದ ತನ್ನ ಎಲ್ಲ ಜಮೀನುಗಳನ್ನೂ ಆ ಕ್ರೋಮಾರ್ಟಿ ಕೌಂಟಿಗೆ ಸೇರಿಸಬೇಕೆಂದು 1685ರಲ್ಲಿ ಸ್ಕಾಟಿಷ್ ಪಾರ್ಲಿಮೆಂಟಿನಿಂದ ಕಾಯಿದೆ ಮಾಡಿಸಿಕೊಂಡ. ಅದು ಮರುವರ್ಷವೇ ರದ್ದಾದರೂ 1690ರಲ್ಲಿ ಮತ್ತೆ ಜಾರಿಗೆ ಬಂತು. ಫಲವಾಗಿ, ಪಶ್ಚಿಮದ ಕೋಯ್ಗಾಕ್‌ನಿಂದ ಪೂರ್ವದ ಟಾರ್ಬಟ್‌ವರೆಗೆ ಒಂದಕ್ಕೊಂದು ತಗಲದ ತುಂಡುಗಳೆಲ್ಲ ಸೇರಿ ಒಂದು ಕೌಂಟಿ ಎನಿಸಿಕೊಂಡವು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ನಕ್ಷೆಗಳನ್ನು ಬಿಡಿಸಿ ನೋಡಿದರೆ ರಾಸ್ ಕೌಂಟಿಯ ಮೈಮೇಲೆ ಬೇರೆ ಬಣ್ಣದ ತೇಪೆಗಳಾಗಿ ಕಾಣುವುದೇ ಈ ಕ್ರೋಮಾರ್ಟಿ ಕೌಂಟಿ. ಒಬ್ಬ ಮನುಷ್ಯನ ಆಸ್ತಿಪಟ್ಟಿಯೇ ದೇಶದ ಆಡಳಿತ ನಕ್ಷೆಯಾಗಿ ಎರಡು ಶತಮಾನ ಬಾಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. 1889ರ ಸ್ಥಳೀಯ ಆಡಳಿತ ಕಾಯಿದೆ ಬಂದ ಮೇಲೆಯೇ ಅದು ರಾಸ್‌ನೊಡನೆ ಸೇರಿ ರಾಸ್ ಅಂಡ್ ಕ್ರೋಮಾರ್ಟಿ ಆಯಿತು. ಪದವಿಯ ಹೆಸರಿನಲ್ಲಿರುವ ಊರಿಗೂ ಪದವೀಧರನ ಹಿಡಿತಕ್ಕೂ ಇಷ್ಟು ನಿಕಟವಾದ ನಂಟು ಎಲ್ಲ ಪದವಿಗಳಿಗೂ ಇರುವುದಿಲ್ಲ. ಆದ್ದರಿಂದ ಈ ಭಾಗಕ್ಕೆ ನಾನು ನಕ್ಷೆಗಳನ್ನೂ ಪಾರ್ಲಿಮೆಂಟಿನ ಕಾಯಿದೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಬಹಳ ಸಮಯ ಕೊಟ್ಟೆ.

ಮೊದಲನೆಯ ಅರ್ಲ್ ಇಂಗ್ಲೆಂಡಿನೊಡನೆ 1707ರಲ್ಲಾದ ಐಕ್ಯದ ದೃಢ ಬೆಂಬಲಿಗನಾಗಿದ್ದು 1714ರಲ್ಲಿ ತೀರಿಕೊಂಡ. ಎರಡನೆಯ ಅರ್ಲ್ 1731ರವರೆಗೆ ಬದುಕಿದ್ದ. ಅವನ ಕಾಲದಲ್ಲಿ ಪದವಿಯ ಕಾಲಂನಲ್ಲಿ ಬರೆಯುವಂಥದ್ದು ಹೆಚ್ಚೇನೂ ಇಲ್ಲ.

ಮೂರನೆಯ ಅರ್ಲ್ ಜಾರ್ಜ್ ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಸಿಂಹಾಸನಕ್ಕೆ ತರಲು ಎದ್ದ 1745ರ ದಂಗೆಯಲ್ಲಿ ಆ ವಂಶದ ರಾಜಕುಮಾರ ಚಾರ್ಲ್ಸ್‌ನ ಪಕ್ಷ ಸೇರಿದ. ಅವನ ಹಿರಿಯ ಮಗ ಜಾನ್, ಆಗ ಹದಿನೆಂಟರ ಹರೆಯದವನು, ಜೊತೆಗಿದ್ದ. ಇಬ್ಬರೂ 1746ರ ಏಪ್ರಿಲ್ 15ರಂದು, ಅಂದರೆ ಆ ದಂಗೆಯನ್ನು ಮುರಿದ ಕಲೋಡನ್ ಯುದ್ಧದ ಹಿಂದಿನ ದಿನ, ಸದರ್ಲೆಂಡ್ ಸೀಮೆಯ ಡನ್‌ರಾಬಿನ್ ಕೋಟೆಯಲ್ಲಿ ಸೆರೆಸಿಕ್ಕರು. ಜುಲೈ 28ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಕಿಲ್ಮಾರ್ನಕ್ ಅರ್ಲ್, ಲಾರ್ಡ್ ಬಾಲ್ಮೆರಿನೋ ಮತ್ತು ಕ್ರೋಮಾರ್ಟಿ ಅರ್ಲ್ ಈ ಮೂವರ ವಿಚಾರಣೆ ನಡೆಯಿತು. ಕ್ರೋಮಾರ್ಟಿ ತಪ್ಪೊಪ್ಪಿಕೊಂಡ, ಮೂವರಿಗೂ ಮರಣದಂಡನೆಯಾಯಿತು. ಗರ್ಭಿಣಿಯಾಗಿದ್ದ ಅವನ ಹೆಂಡತಿ ಇಸಬೆಲ್ಲಾ ಗಾರ್ಡನ್ ಬಲ್ಲವರೆಲ್ಲರ ಬಳಿ ಮೊರೆಯಿಟ್ಟು ಗಂಡನ ಪ್ರಾಣವನ್ನು ಉಳಿಸಿಕೊಂಡಳು. ಉಳಿದಿಬ್ಬರ ತಲೆಗಳು ಆಗಸ್ಟ್ 18ರಂದು ಟವರ್ ಹಿಲ್‌ನಲ್ಲಿ ಉರುಳಿದವು. ಆಮೇಲೆ ಹುಟ್ಟಿದ ಮಗಳ ಕುತ್ತಿಗೆಯ ಮೇಲೆ ಕೊಡಲಿಯ ಆಕಾರದ ಮಚ್ಚೆಯಿತ್ತೆಂದು ಮನೆತನದ ಕಥೆ ಹೇಳುತ್ತದೆ. ಅದನ್ನು ನಾನು ಕಥೆಯೆಂದೇ ಬರೆದುಕೊಂಡೆ. ಆದರೆ ಆ ತಾಯಿ ಅನುಭವಿಸಿದ ವಾರಗಳನ್ನು ಫ್ರೇಸರ್ ಪ್ರಕಟಿಸಿದ ಪತ್ರಗಳಲ್ಲಿ ಓದಿದವರಿಗೆ ಅಂಥ ಕಥೆ ಏಕೆ ಹುಟ್ಟಿತೆಂದು ಯಾರೂ ವಿವರಿಸಬೇಕಿಲ್ಲ.

ಪ್ರಾಣ ಉಳಿಯಿತು, ಪದವಿ ಉಳಿಯಲಿಲ್ಲ. ಇಲ್ಲಿ ಪದವಿಯ ಚರಿತ್ರೆ ಬರೆಯುವವನು ಕಾನೂನನ್ನು ಸ್ವಲ್ಪ ಆಳವಾಗಿ ಕಲಿಯಲೇಬೇಕು. ರಾಜದ್ರೋಹದ ಅಪರಾಧ ಸಿದ್ಧವಾಗಿ ಅಟೇಂಡರ್ ಎಂಬ ದಂಡನೆ ವಿಧಿಸಿದಾಗ ಅಪರಾಧಿಯ ಭೂಮಿಯಷ್ಟೇ ಅಲ್ಲ, ಅವನ ಪದವಿಗಳೂ ಅಳಿಯುತ್ತವೆ. ರಕ್ತವೇ ಕಳಂಕಿತವಾಯಿತೆಂದು ಕಾನೂನು ಭಾವಿಸುವುದರಿಂದ ಮಕ್ಕಳು ಅವನ ಮೂಲಕ ಏನನ್ನೂ ಪಡೆಯಲಾರರು. ಮರಣದಂಡನೆಗೆ ಕ್ಷಮೆ ಸಿಕ್ಕಿದ ಮಾತ್ರಕ್ಕೆ ಪದವಿ ಹಿಂದಿರುಗುವುದಿಲ್ಲ. ಕ್ಷಮೆ ಮತ್ತು ಪದವಿಯ ಮರುಸ್ಥಾಪನೆ ಎರಡು ಬೇರೆ ಕ್ರಿಯೆಗಳು, ಎರಡನೆಯದಕ್ಕೆ ಪಾರ್ಲಿಮೆಂಟಿನ ಕಾಯಿದೆಯೇ ಬೇಕು. ಮೂರನೆಯ ಅರ್ಲ್‌ಗೆ 1749ರಲ್ಲಿ ಷರತ್ತಿನ ಕ್ಷಮೆ ಸಿಕ್ಕಿ ಅವನು 1766ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮಗನಿಗೆ 1748ರಲ್ಲೇ ಕ್ಷಮೆಯಾಗಿತ್ತು. ಜಮೀನುಗಳನ್ನು 1752ರ ಕಾಯಿದೆಯಡಿ, ಬೇರೆ ಹನ್ನೆರಡು ದಂಗೆಕೋರ ಮನೆತನಗಳ ಜಮೀನುಗಳೊಂದಿಗೆ, ಸರ್ಕಾರ ತನ್ನಲ್ಲೇ ಇಟ್ಟುಕೊಂಡಿತು. ಆದ್ದರಿಂದ ನನ್ನ ಹಾಳೆಯಲ್ಲಿ 1746ರ ಕೆಳಗೆ ಮೊದಲನೆಯ ಕಾಲಂ ಖಾಲಿ, ಎರಡನೆಯ ಕಾಲಂನಲ್ಲಿ ಸರ್ಕಾರ, ಮೂರನೆಯ ಕಾಲಂನಲ್ಲಿ ಮಾತ್ರ ಒಬ್ಬ ಜೀವಂತ ಮನುಷ್ಯ.

ಆ ಮನುಷ್ಯನೇ ನಮ್ಮ ಲಾರ್ಡ್ ಮೆಕ್ಲೌಡ್. ಅರ್ಲ್‌ನ ಹಿರಿಯ ಮಗನನ್ನು ತಂದೆಯ ಕೆಳದರ್ಜೆಯ ಪದವಿಯಿಂದ ಕರೆಯುವ ಮರ್ಯಾದೆಯ ವಾಡಿಕೆಯಿಂದ ಚಿಕ್ಕಂದಿನಲ್ಲಿ ಬಂದ ಆ ಹೆಸರು ಆಧಾರ ಕುಸಿದ ಮೇಲೂ ಅವನನ್ನು ಬಿಡಲಿಲ್ಲ. ಅವನು ಸ್ವೀಡನ್ನಿಗೆ ಹೋಗಿ ಅಲ್ಲಿಯ ಸೈನ್ಯದಲ್ಲಿ ಮೇಲೇರಿ, ಆ ದೇಶದ ಕೌಂಟ್ ಪದವಿಯನ್ನೂ ಪಡೆದು, 1777ರಲ್ಲಿ ತಾಯ್ನಾಡಿಗೆ ಮರಳಿದ. ಅಮೆರಿಕದ ಯುದ್ಧಕ್ಕಾಗಿ ಬ್ರಿಟನ್ನಿಗೆ ಆಗ ಸೈನಿಕರು ತುರ್ತಾಗಿ ಬೇಕಾಗಿದ್ದರು. ಕೈಯಲ್ಲಿ ಒಂದು ಅಂಗುಲ ಜಮೀನಿಲ್ಲದಿದ್ದರೂ ತಂದೆಯ ಸೀಮೆಯಲ್ಲಿ ಉಳಿದಿದ್ದ ಹೆಸರಿನ ಬಲದಿಂದಲೇ ಅವನು 73ನೆಯ ರೆಜಿಮೆಂಟನ್ನು ಕಟ್ಟಿದ. ಜನ ಅದನ್ನು ಮೆಕ್ಲೌಡ್‌ನ ಹೈಲ್ಯಾಂಡರ್ಸ್ ಎಂದರು. ಮೊದಲ ಬೆಟಾಲಿಯನ್ ಅವನೊಂದಿಗೆ 1780ರ ಆರಂಭದಲ್ಲಿ ಮದರಾಸಿಗೆ ಬಂದಿಳಿಯಿತು. ಹೈದರಾಲಿ ಅದೇ ವರ್ಷ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ನುಗ್ಗಿದಾಗ, ಸೈನ್ಯವನ್ನು ಕಾಂಚೀಪುರದಲ್ಲಿ ಕೂಡಿಸುವುದು ಅಪಾಯಕರವೆಂದು ಲಾರ್ಡ್ ಮೆಕ್ಲೌಡ್ ಅಭಿಪ್ರಾಯಪಟ್ಟ. ಮದರಾಸು ಸೈನ್ಯದ ಸೇನಾಪತಿ ಹೆಕ್ಟರ್ ಮನ್ರೋ ತಾನೇ ಮುಂದಾಳಾಗಿ ಅಲ್ಲಿಗೇ ಹೋದ. ಪೊಳ್ಳಿಲೂರು ಆ ತೀರ್ಮಾನದ ಫಲ. ಆ ಅನಾಹುತದಿಂದ ಪಾರಾಗಿದ್ದ ರೆಜಿಮೆಂಟಿನ ಉಳಿದ ಭಾಗ 1781ರಲ್ಲಿ ಪೋರ್ಟೊ ನೋವೊ ಮತ್ತು ಶೋಳಿಂಗಪುರದ ಕಾಳಗಗಳಲ್ಲಿ ಹೋರಾಡಿತು.

ಈ ಘಟ್ಟದಲ್ಲಿ ಮೈಸೂರು ಯುದ್ಧಗಳ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ನೇರವಾಗಿ ಉಪಯೋಗಕ್ಕೆ ಬರುವ ಎರಡು ವಿಷಯಗಳು ನನಗೆ ಸ್ಪಷ್ಟವಾದವು. ಒಂದು, ಎರಡನೆಯ ಮೈಸೂರು ಯುದ್ಧದ ದಾಖಲೆಗಳಲ್ಲಿ ಬರುವ ಎಲ್ಲ ಮೆಕ್ಲೌಡ್‌ಗಳೂ ಒಬ್ಬನೇ ಅಲ್ಲ. 1782ರಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಟಿಪ್ಪುವನ್ನು ಎದುರಿಸಿದ, ಮರುವರ್ಷ ಮಂಗಳೂರಿನ ಕೋಟೆಗೆ ನೆರವು ತರಲು ಹೋದ ಕರ್ನಲ್ ಮೆಕ್ಲೌಡ್ ಎಂಬವನು ಸ್ಕೈ ದ್ವೀಪದ ಡನ್‌ವೆಗನ್‌ನ ನಾರ್ಮನ್ ಮೆಕ್ಲೌಡ್. ಅವನು ಹುಟ್ಟಿನಿಂದಲೇ ಮೆಕ್ಲೌಡ್, ಆ ಕುಲದ ಮುಖಂಡ. ಲಾರ್ಡ್ ಮೆಕ್ಲೌಡ್ ಎನಿಸಿಕೊಂಡವನು ಮೆಕೆಂಜಿ. ಎರಡು, ರೆಜಿಮೆಂಟಿನ ಸಂಖ್ಯೆ. 1786ರಲ್ಲಿ ಸಂಖ್ಯೆಗಳನ್ನು ಬದಲಾಯಿಸಿದಾಗ ಮೆಕ್ಲೌಡ್‌ನ ಹೈಲ್ಯಾಂಡರ್ಸ್ 71ನೆಯದಾಯಿತು, ಖಾಲಿಯಾದ 73 ಎಂಬ ಸಂಖ್ಯೆ 42ನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿಗೆ ಹೋಯಿತು. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಜಾನ್ ಕ್ಯಾಂಬೆಲ್‌ನ ಕೈಕೆಳಗೆ ಮಂಗಳೂರಿನ ಕೋಟೆಯನ್ನು ಕಾದದ್ದು ಈ ಎರಡನೆಯ ದಳ. ಹೀಗಾಗಿ ಪೊಳ್ಳಿಲೂರಿನ 73ನೆಯದೂ ಮಂಗಳೂರಿನ ಮುತ್ತಿಗೆಯ ಗೌರವವನ್ನು ಆಮೇಲೆ ಹೊತ್ತ 73ನೆಯದೂ ಬೇರೆಬೇರೆ. ಸಂಖ್ಯೆಯ ಪಕ್ಕದಲ್ಲಿ ವರ್ಷವನ್ನೂ ಬರೆಯದೆ ಈ ರೆಜಿಮೆಂಟುಗಳ ಬಗ್ಗೆ ಒಂದು ಮಾತನ್ನೂ ಹೇಳಬಾರದು.

ಮೂರನೆಯ ಕಾಲಂನಲ್ಲಿ ಕುಲದ ಹಿರಿಯ ಶಾಖೆಯಾದ ಸೀಫೋರ್ತ್ ಮನೆತನವನ್ನೂ ನಾನು ಬರೆದುಕೊಂಡಿದ್ದೆ, ಏಕೆಂದರೆ ಮೆಕೆಂಜಿಗಳ ಮುಖಂಡತ್ವ ಆಗ ಇದ್ದದ್ದು ಅವರಲ್ಲಿ. 1715ರ ಸ್ಟುವರ್ಟ್ ಪಕ್ಷದ ದಂಗೆಗಾಗಿ ಅವರ ಅರ್ಲ್ ಪದವಿಯೂ ಮರುವರ್ಷ ಇದೇ ದಂಡನೆಯಲ್ಲಿ ಅಳಿದಿತ್ತು. ಆ ವಂಶದ ಕೆನೆತ್ ಮೆಕೆಂಜಿ 1771ರಲ್ಲಿ ಐರ್ಲೆಂಡಿನ ಶ್ರೇಣಿಯಲ್ಲಿ ಸೀಫೋರ್ತ್ ಅರ್ಲ್ ಎಂಬ ಹೊಸ ಪದವಿಯನ್ನು ಪಡೆದು, ತಾನೂ ಒಂದು ರೆಜಿಮೆಂಟನ್ನು ಕಟ್ಟಿ, ಅದರೊಂದಿಗೆ ಭಾರತಕ್ಕೆ ಬರುವಾಗ 1781ರಲ್ಲಿ ಸಮುದ್ರದಲ್ಲೇ ತೀರಿಕೊಂಡ. ಅವನಿಂದ ಜಮೀನನ್ನು ಕೊಂಡಿದ್ದ ಬಂಧು ಥಾಮಸ್ ಫ್ರೆಡರಿಕ್ ಮೆಕೆಂಜಿ ಹಂಬರ್‌ಸ್ಟನ್ ಮಲಬಾರಿನಲ್ಲಿ ಮೈಸೂರಿನ ಪಡೆಗಳೊಡನೆ ಹೋರಾಡಿ, 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಸೈನ್ಯದೊಂದಿಗೆ ಬಿದನೂರಿನ ದಂಡಯಾತ್ರೆಯಲ್ಲಿದ್ದ. ಮ್ಯಾಥ್ಯೂಸ್‌ನ ನಡವಳಿಕೆಯ ಮೇಲೆ ದೂರು ಹೊತ್ತು ಅವನೂ ನಾರ್ಮನ್ ಮೆಕ್ಲೌಡನೂ ಮುಂಬಯಿಗೆ ಹೋದರು. ಹಿಂದಿರುಗುವಾಗ ಏಪ್ರಿಲ್‌ನಲ್ಲಿ ಅವರ ಹಡಗಿನ ಮೇಲೆ ಮರಾಠರ ನೌಕಾಪಡೆ ಎರಗಿತು. ಹಂಬರ್‌ಸ್ಟನ್ ಗಾಯಗೊಂಡು ವಿಜಯದುರ್ಗದಲ್ಲಿ ಪ್ರಾಣಬಿಟ್ಟ. ಬಿದನೂರು, ಅಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ, ಸ್ಕಾಟ್ಲೆಂಡಿನ ಉತ್ತರದ ಒಂದು ಕುಲದ ವಾರಸಿಕೆಯ ಪಟ್ಟಿಯಲ್ಲಿ ಹೀಗೆ ತಗಲಿಕೊಂಡಿರುತ್ತದೆಂದು ನನಗೆ ಮೊದಲು ಗೊತ್ತಿರಲಿಲ್ಲ. ಈ ಒಂದು ಸಾಲನ್ನು ಹಾಳೆಗೆ ಇಳಿಸಿದ ದಿನ ನನಗಾದ ಸಂತೋಷ ದೊಡ್ಡದು.

1784ರಲ್ಲಿ ಜಪ್ತಿಯಾದ ಜಮೀನುಗಳನ್ನು ಹಳೆಯ ಮನೆತನಗಳಿಗೆ ಮರಳಿಸುವ ಕಾಯಿದೆ ಬಂತು. ಅದು ಪುಕ್ಕಟೆ ದಾನವಾಗಿರಲಿಲ್ಲ. ಹಿಂದಿನ ಸಾಲಗಳಿಗೆಂದು ಸರ್ಕಾರ ಕೊಟ್ಟಿದ್ದ ಹಣವನ್ನು ವಾರಸುದಾರ ತುಂಬಬೇಕಿತ್ತು, ಕ್ರೋಮಾರ್ಟಿಯ ಪಾಲಿಗೆ ಅದು ಸುಮಾರು 19,000 ಪೌಂಡ್. ಜಮೀನು ಬಂತು, ಪದವಿ ಬರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ 1784ರಲ್ಲಿ ಮನೆತನದ ಮರುಸ್ಥಾಪನೆಯಾಯಿತು ಎಂಬ ಒಂದೇ ವಾಕ್ಯ ಓದುಗನನ್ನು ದಾರಿ ತಪ್ಪಿಸುತ್ತದೆ. ಕೋಯ್ಗಾಕ್ ಸೀಮೆಯ ಕಡಲಂಚಿನಲ್ಲಿ 1788ರಲ್ಲಿ ಮೀನುಗಾರಿಕೆಗಾಗಿ ಕಟ್ಟಿದ ಉಲ್ಲಾಪೂಲ್ ಎಂಬ ಊರು ಎದ್ದದ್ದು ಈ ಜಮೀನಿನಲ್ಲೇ. ಲಾರ್ಡ್ ಮೆಕ್ಲೌಡ್ 1789ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ.

ಇಲ್ಲಿಂದ ಮುಂದಕ್ಕೆ ಭೂಮಿಯನ್ನು ಹಿಂಬಾಲಿಸುವುದು ಹೆಣ್ಣುಮಕ್ಕಳನ್ನು ಹಿಂಬಾಲಿಸುವುದೇ ಆಗಿದೆ. ಮೊದಲು ದಾಯಾದಿಯಾದ ಕೆನೆತ್ ಮೆಕೆಂಜಿ, 1796ರಲ್ಲಿ ಅವನ ನಂತರ ಮೂರನೆಯ ಅರ್ಲ್‌ನ ಹಿರಿಯ ಮಗಳು, ಲಾರ್ಡ್ ಎಲಿಬ್ಯಾಂಕ್‌ನ ಹೆಂಡತಿ ಇಸಬೆಲ್ಲಾ, 1801ರಲ್ಲಿ ಅವಳ ಮಗಳು ಮರಿಯಾ, ಆಮೇಲೆ ಮರಿಯಾಳ ಮಗ ಜಾನ್ ಹೇ ಮೆಕೆಂಜಿ. ಮರಿಯಾಳ ಗಂಡ ಟ್ವೀಡೇಲ್ ಮನೆತನದ ಎಡ್ವರ್ಡ್ ಹೇ, ಹೆಂಡತಿಯ ಆಸ್ತಿಯ ಜೊತೆಗೆ ಮೆಕೆಂಜಿ ಎಂಬ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡ. ಅಳಿಯ ಹೆಂಡತಿಯ ಮನೆತನದ ಹೆಸರನ್ನು ಹೊರುವ ಈ ಪದ್ಧತಿಯನ್ನು ಗಮನಿಸದೆ ಹೋದರೆ ಎಳೆ ಕಡಿದುಹೋಗುತ್ತದೆ. ಗಂಡುಸಂತಾನವನ್ನಷ್ಟೇ ತೋರಿಸುವ ಹಳೆಯ ವಂಶಪಟ್ಟಿಗಳಲ್ಲಿ ಈ ಹೆಂಗಸರು ಒಂದೊಂದು ಸಾಲಿನಲ್ಲಿ ಮುಗಿದುಹೋಗಿರುತ್ತಾರೆ. ನಾನು ಪ್ರತಿಯೊಬ್ಬಳಿಗೂ ಪ್ರತ್ಯೇಕ ಹಾಳೆ ತೆರೆದು, ಮದುವೆಯ ಒಪ್ಪಂದ, ಆಸ್ತಿ ಕೈಸೇರಿದ ವರ್ಷ, ಗಂಡ ಬದಲಾಯಿಸಿಕೊಂಡ ಹೆಸರು ಇವುಗಳನ್ನು ಬರೆದ ಮೇಲೆಯೇ 1861ನ್ನು ಅರ್ಥಮಾಡಿಕೊಳ್ಳಲು ಸಾಧ್ಯವಾಯಿತು.

ಜಾನ್ ಹೇ ಮೆಕೆಂಜಿಯ ಮಗಳು ಆನ್ 1849ರಲ್ಲಿ ಸದರ್ಲೆಂಡ್ ಡ್ಯೂಕ್ ಮನೆತನದ ವಾರಸುದಾರನನ್ನು ಮದುವೆಯಾದಳು. ಅವನು 1861ರಲ್ಲಿ ಡ್ಯೂಕ್ ಆದ. ಅದೇ ವರ್ಷ ಅಕ್ಟೋಬರ್ 21ರಂದು ವಿಕ್ಟೋರಿಯಾ ರಾಣಿ ಆನ್‌ಳನ್ನು ಅವಳ ಸ್ವಂತ ಹಕ್ಕಿನಲ್ಲಿ ಕ್ರೋಮಾರ್ಟಿಯ ಕೌಂಟೆಸ್ ಮಾಡಿದಳು. ಮೂರನೆಯ ಅರ್ಲ್ ಸೆರೆಸಿಕ್ಕ ಡನ್‌ರಾಬಿನ್ ಕೋಟೆ ಈ ಸದರ್ಲೆಂಡ್ ಮನೆತನದ್ದೇ. ಯಾರ ಕೋಟೆಯಲ್ಲಿ ಪದವಿ ಮುಳುಗಿತೋ ಅವರ ಸೊಸೆಯ ಹೆಸರಿನಲ್ಲೇ ಅದು ನೂರಹದಿನೈದು ವರ್ಷಗಳ ಮೇಲೆ ಮತ್ತೆ ಕೇಳಿಬಂತು. ಆದರೆ ಇದು ಹಳೆಯ ಪದವಿಯ ಪುನರುಜ್ಜೀವನವಲ್ಲ. 1703ರದ್ದು ಸ್ಕಾಟ್ಲೆಂಡಿನ ಶ್ರೇಣಿಯದು, 1861ರದ್ದು ಯುನೈಟೆಡ್ ಕಿಂಗ್‌ಡಮ್ ಶ್ರೇಣಿಯ ಹೊಚ್ಚಹೊಸ ಸೃಷ್ಟಿ. ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ, ಹಾಗಾಗಿ ಚರಿತ್ರೆಯಲ್ಲಿ ಎರಡನೆಯ ಅರ್ಲ್ ಎಂಬವರು ಇಬ್ಬರಿದ್ದಾರೆ. ಹೊಸ ಪೇಟೆಂಟು ಈ ಪದವಿ ಡ್ಯೂಕ್ ಪದವಿಯಲ್ಲಿ ಕರಗಿಹೋಗದಂತೆ ನೋಡಿಕೊಂಡಿತು. ಅದು ಹಿರಿಯ ಮಗನಿಗಲ್ಲದೆ ಕಿರಿಯ ಮಗ ಫ್ರಾನ್ಸಿಸ್‌ಗೆ ಹೋಗಬೇಕೆಂದು ವಿಧಿಸಿತ್ತು. ಹಿರಿಯ ಮಗನಿಗೆ ಕ್ರೋಮಾರ್ಟಿ ಎಂದೇ ಹೆಸರಿಟ್ಟಿದ್ದರೂ ಅವನು ಸದರ್ಲೆಂಡ್‌ನ ಡ್ಯೂಕ್ ಆದ, ಕ್ರೋಮಾರ್ಟಿಯ ಅರ್ಲ್ ಆದವನು ತಮ್ಮ. ಸೂಚಿಯಲ್ಲಿ ಹೆಸರು ನೋಡಿ ತೀರ್ಮಾನಿಸುವವರನ್ನು ಈ ಅಣ್ಣತಮ್ಮಂದಿರು ಖಂಡಿತ ಗೊಂದಲಕ್ಕೆ ಸಿಲುಕಿಸುತ್ತಾರೆ.

ಮರುಸ್ಥಾಪನೆಗೂ ಹೊಸ ಸೃಷ್ಟಿಗೂ ಇರುವ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ನಾನು ಮಾರ್ ಅರ್ಲ್ ಪದವಿಯ ವ್ಯಾಜ್ಯವನ್ನು ಜೊತೆಯಲ್ಲೇ ಓದಿದೆ. 1715ರ ದಂಗೆಯ ನಾಯಕ ಮಾರ್ ಅರ್ಲ್‌ನ ಪದವಿಯೂ ಅಳಿದಿತ್ತು, ಆದರೆ 1824ರಲ್ಲಿ ಪಾರ್ಲಿಮೆಂಟಿನ ಕಾಯಿದೆ ಅದನ್ನು ವಂಶಸ್ಥರಿಗೆ ಮರಳಿಸಿತು. 1866ರಲ್ಲಿ ಅಂದಿನ ಅರ್ಲ್ ಮಕ್ಕಳಿಲ್ಲದೆ ಸತ್ತಾಗ ಸಹೋದರಿಯ ಮಗನೂ ಗಂಡುಸಂತತಿಯ ದಾಯಾದಿಯಾದ ಕೆಲ್ಲಿ ಅರ್ಲ್ ಕೂಡ ಹಕ್ಕು ಸಾಧಿಸಿದರು. ಪ್ರಶ್ನೆ ನೆಟ್ಟಗೆ ಮೂಲಕ್ಕೆ ಹೋಯಿತು: ಮಾರ್ ಪದವಿ ಹೆಣ್ಣಿನ ಮೂಲಕವೂ ಇಳಿಯುವ ಪುರಾತನ ಪದವಿಯೇ, ಅಥವಾ 1565ರಲ್ಲಿ ಮೇರಿ ರಾಣಿ ಸೃಷ್ಟಿಸಿದ, ಗಂಡುಸಂತತಿಗಷ್ಟೇ ಸೇರುವ ಪದವಿಯೇ? 1875ರಲ್ಲಿ ಲಾರ್ಡ್ಸ್ ಸಭೆ ಎರಡನೆಯದನ್ನು ಎತ್ತಿಹಿಡಿದು ಕೆಲ್ಲಿ ಅರ್ಲ್‌ನ ಪಕ್ಷಕ್ಕೆ ತೀರ್ಪಿತ್ತಿತು. ಹತ್ತು ವರ್ಷಗಳ ಮೇಲೆ, 1885ರಲ್ಲಿ, ಪಾರ್ಲಿಮೆಂಟ್ ಇನ್ನೊಂದು ಕಾಯಿದೆ ಮಾಡಿ ಪುರಾತನ ಪದವಿಯನ್ನು ಸಹೋದರಿಯ ಮಗನಿಗೆ ಕೊಟ್ಟಿತು. ಇಂದಿಗೂ ಮಾರ್ ಅರ್ಲ್ ಪದವಿಗಳು ಎರಡಿವೆ. ಕ್ರೋಮಾರ್ಟಿಯಲ್ಲಿ ಹಳೆಯ ಪೇಟೆಂಟನ್ನು ಎಬ್ಬಿಸದೆ ಹೊಸದನ್ನೇ ಬರೆದದ್ದರಿಂದ ಅಂಥ ಜಗಳಕ್ಕೆ ಎಡೆಯೇ ಉಳಿಯಲಿಲ್ಲವೆಂಬುದು ನನ್ನ ತೀರ್ಮಾನ.

ಫ್ರಾನ್ಸಿಸ್ 1888ರಲ್ಲಿ ತಾಯಿಯ ನಂತರ ಅರ್ಲ್ ಆಗಿ 1893ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡ. ಸಮಾನ ಹಕ್ಕಿನ ಇಬ್ಬರು ಸಹೋದರಿಯರ ನಡುವೆ ಪದವಿ ಯಾರಿಗೂ ಸೇರದೆ ನಿಂತುಬಿಟ್ಟಿತು. ಅಟೇಂಡರ್‌ನಲ್ಲಿ ಪದವಿ ಸಾಯುತ್ತದೆ, ಈ ಸ್ಥಿತಿಯಲ್ಲಿ ಅದು ಬದುಕಿದ್ದೂ ಕಾಯುತ್ತದೆ. ಆದ್ದರಿಂದ ನನ್ನ ಹಾಳೆಯಲ್ಲಿ ಎರಡು ಖಾಲಿ ಜಾಗಗಳಿಗೂ ಬೇರೆಬೇರೆ ಗುರುತು ಹಾಕಿದೆ. 1895ರ ಫೆಬ್ರವರಿಯಲ್ಲಿ ರಾಣಿ ಹಿರಿಯ ಮಗಳು ಸಿಬೆಲ್ ಲಿಲಿಯನ್‌ಳ ಪರವಾಗಿ ಆ ತಡೆಯನ್ನು ಕೊನೆಗೊಳಿಸಿದಳು. ಆಗಿನ್ನೂ ಹದಿನಾರರ ಆ ಹುಡುಗಿ ಮೂರನೆಯ ಕೌಂಟೆಸ್ ಆಗಿ 1962ರವರೆಗೆ ಬಾಳಿದಳು, ಕಾದಂಬರಿಗಳನ್ನೂ ಬರೆದಳು. 1899ರಲ್ಲಿ ಅವಳನ್ನು ಮದುವೆಯಾದ ಎಡ್ವರ್ಡ್ ಬ್ಲಂಟ್ ಕೂಡ ಹಿಂದಿನ ಅಳಿಯನಂತೆಯೇ ಬ್ಲಂಟ್ ಮೆಕೆಂಜಿ ಎಂಬ ಜೋಡಿ ಹೆಸರನ್ನು ತೆಗೆದುಕೊಂಡ.

ಅವರ ಮಗ ರೋಡರಿಕ್ ನಾಲ್ಕನೆಯ ಅರ್ಲ್. ಅವನ ಕಾಲದಲ್ಲಿ ನನ್ನ ಮೂರನೆಯ ಕಾಲಂ ಕೊನೆಗೂ ಮೊದಲೆರಡರ ಪಕ್ಕಕ್ಕೆ ಬಂದು ನಿಂತಿತು. ಸೀಫೋರ್ತ್ ಮನೆತನದಲ್ಲಿ ಹಂಬರ್‌ಸ್ಟನ್‌ನ ತಮ್ಮ ಫ್ರಾನ್ಸಿಸ್ 1815ರಲ್ಲಿ ತೀರಿಕೊಳ್ಳುವ ಮೊದಲೇ ಅವನ ಗಂಡುಮಕ್ಕಳೆಲ್ಲ ತೀರಿಹೋಗಿದ್ದರಿಂದ ಅವನಿಗಿದ್ದ ಲಾರ್ಡ್ ಸೀಫೋರ್ತ್ ಪದವಿಯೂ ಮುಗಿದಿತ್ತು. ಆದರೆ ಕುಲದ ಮುಖಂಡನೆಂದು ಲಾರ್ಡ್ ಲಯನ್ ಒಪ್ಪಬೇಕಾದರೆ ಕುಲದ ಹೆಸರೊಂದನ್ನೇ ಧರಿಸಿರಬೇಕು, ಜೋಡಿ ಹೆಸರು ಸಲ್ಲದು. ರೋಡರಿಕ್ 1979ರಲ್ಲಿ ಬ್ಲಂಟ್ ಎಂಬುದನ್ನು ಬಿಟ್ಟು ಬರಿಯ ಮೆಕೆಂಜಿಯಾಗಿ ಕುಲದ ಮುಖಂಡನೆಂಬ ಮನ್ನಣೆಯನ್ನು ಪಡೆದ. ಕಿರಿಯ ಶಾಖೆಯಾಗಿ ಆರಂಭವಾಗಿ, ಹೆಣ್ಣುಮಕ್ಕಳ ಮೂಲಕ ಹಲವು ಮನೆಗಳನ್ನು ಹಾದು, ಪದವಿ, ಭೂಮಿ ಮತ್ತು ಮುಖಂಡತ್ವ ಮೂರೂ ಕಾಸಲ್ ಲೌಡ್‌ನಲ್ಲಿ ಒಬ್ಬನ ಹೆಸರಿಗೆ ಸೇರಿದ್ದು ಹೀಗೆ. 1989ರಲ್ಲಿ ಅವನ ಮಗ ಐದನೆಯ ಅರ್ಲ್ ಆದ. ಬಹುಪಾಲು ವಂಶಪಾರಂಪರ್ಯ ಸದಸ್ಯರನ್ನು ಲಾರ್ಡ್ಸ್ ಸಭೆಯಿಂದ ಹೊರಗಿಟ್ಟ 1999ರ ಕಾಯಿದೆಯೊಂದಿಗೆ ಈ ಪದವಿಗೆ ಇದ್ದ ಶಾಸನಸಭೆಯ ಸ್ಥಾನವೂ ಹೋಯಿತು. ಹಾಳೆಯ ಮೊದಲನೆಯ ಕಾಲಂನಲ್ಲಿ ನಾನು ಬರೆದ ಕೊನೆಯ ತಾರೀಖು ಅದು.